ಮಾರ್ಚ್‌ ದುಡ್ಡು ಮುಂದಿನ ಮಾರ್ಚ್‌ವರೆಗೆ

ದುಡ್ಡು ಉಳಿಸೋದು ಹೇಗೆ ಅಂತ ಹೇಳೋ ವೀಡಿಯೊಗಳನ್ನು ನಾನೂ ಬಹಳ ನೋಡಿದ್ದೇನೆ. ಎಲ್ಲರದ್ದೂ ಒಂದೇ ಮಾತು, ಸಂಬಳ ಬಂದ ಕೂಡಲೇ ಇಷ್ಟು ತೆಗೆದಿಡಿ. ಸರಿ ಸ್ವಾಮಿ, ಸಂಬಳವೇ ಇಲ್ಲದವರು? ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮಗಿರೋದು ಆರು ಎಕರೆ ರೋಬಸ್ಟಾ ಕಾಫಿ, ಜೊತೆಗೆ ಮರಕ್ಕೆ ಹಬ್ಬಿಸಿದ ಮೆಣಸು. ಕೊಯ್ದು, ಕಣದಲ್ಲಿ ಒಣಗಿಸಿ, ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮಾರುವಾಗ ಮಾರ್ಚ್ ಬಂದಿರುತ್ತದೆ. ಆ ದುಡ್ಡನ್ನೇ ಮುಂದಿನ ಕೊಯ್ಲಿನವರೆಗೆ ಎಳೆಯಬೇಕು.

ಅಪ್ಪನ ಕಾಲದಲ್ಲಿ ಕಾಫಿಯನ್ನು ಪೂಲ್‌ಗೆ ಕೊಡಬೇಕಿತ್ತು, ಅಂದರೆ ಎಲ್ಲರ ಕಾಫಿಯನ್ನೂ ಸರ್ಕಾರದ ಕಾಫಿ ಬೋರ್ಡೇ ಒಟ್ಟಿಗೆ ತೆಗೆದುಕೊಂಡು ಮಾರುತ್ತಿತ್ತು. ಕಾಫಿ ಬೋರ್ಡ್ ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. ನಮ್ಮ ಕಾಫಿ, ನಮ್ಮ ದುಡ್ಡಿಗೆ ನಾವೇ ಕಾಯಬೇಕು ಅಂತ ಅಪ್ಪ ಪ್ರತಿ ಸಲ ಬೈಯುತ್ತಿದ್ದರು. ಈಗ ಯೋಚಿಸಿದರೆ ನಮ್ಮನೆಯಲ್ಲಿ ಉಳಿತಾಯ ಅಂತ ಇದ್ದದ್ದು ಆ ಕಂತುಗಳೇ! 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಯಿತು. ಅದಕ್ಕೂ ಮೊದಲೇ, 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟುಹೋಗಿ ಇಲ್ಲಿ ರೇಟ್ ಏರಿತ್ತು. ಮನೆಗೆ ಜೀಪ್ ಬಂತು. 2001ರಲ್ಲಿ ರೇಟ್ ನೆಲ ಕಚ್ಚಿದಾಗ ಅದೇ ಜೀಪ್ ಹೋಯಿತು.

ನಾನು ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. 20ನೇ ತಾರೀಕಿಗೆ ಜೇಬು ಖಾಲಿ, ಆದರೂ 1ನೇ ತಾರೀಕು ಬಂದೇ ಬರುತ್ತಿತ್ತು. ಆ ವಯಸ್ಸಿನಲ್ಲಿ ನಾನು ಕಲಿತದ್ದು ಏನೂ ಇಲ್ಲ, ಸುಳ್ಳು ಯಾಕೆ ಹೇಳಲಿ.

ಊರಿಗೆ ವಾಪಸ್ ಬಂದ ಮೇಲೆ ಅಪ್ಪನನ್ನು ನೋಡಿಯೂ ನಾನು ಅದೇ ತಪ್ಪು ಮಾಡಿದೆ. 2015ರ ಸುಮಾರಿಗೆ ಮೆಣಸು ಕೆಜಿಗೆ 600 ದಾಟಿತು. ಒಂದು ಭಾನುವಾರ ಊಟ ಆದ ಮೇಲೆ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಇಷ್ಟು ಬಳ್ಳಿ, ಇಷ್ಟು ಕೆಜಿ, ಗುಣಿಸು 600. ಹೆಂಡತಿ ಬಂದು ನೋಡಿ "400 ಅಂತ ಹಾಕಿ ನೋಡ್ರೀ" ಅಂದಳು. ನಿನಗೇನು ಗೊತ್ತಾಗುತ್ತೆ ಸುಮ್ನಿರು ಅಂದೆ. ಸಾಲ ಮಾಡಿ ಮನೆ ಮೇಲೆ ಮೂರು ರೂಮು ಕಟ್ಟಿಸಿದೆ, ಹೋಂಸ್ಟೇ ಅಂತ. ಆಮೇಲೆ ಮೆಣಸು ಇಳಿಯುತ್ತಾ ಇಳಿಯುತ್ತಾ 300ರ ಹತ್ತಿರ ಬಂತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಮ್ಮ ಮನೆಗೆ ಏನೂ ಆಗಲಿಲ್ಲ, ಪುಣ್ಯ. ಆದರೆ ರೂಮುಗಳು ತಿಂಗಳುಗಟ್ಟಲೆ ಖಾಲಿ ಬಿದ್ದವು, ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಅಮ್ಮನ ಬಳೆ ಅಡ ಇಟ್ಟು ಕಟ್ಟಿದೆ. ಅಮ್ಮ ಏನೂ ಕೇಳದೆ ಬಿಚ್ಚಿ ಕೊಟ್ಟರು, ಅದೇ ಜಾಸ್ತಿ ಚುಚ್ಚಿದ್ದು.

ರೇಟ್ ಬಿದ್ದ ವರ್ಷ ನಾವ್ಯಾರೂ ಹಾಳಾಗೋದಿಲ್ಲ, ಆಗ ಬಿಗಿಯಾಗೇ ಇರುತ್ತೇವೆ. ಹಾಳಾಗೋದು ಏರಿದ ವರ್ಷ. 2024ರಲ್ಲಿ ರೋಬಸ್ಟಾ ಚೆರಿ 50 ಕೆಜಿ ಮೂಟೆಗೆ 10 ಸಾವಿರ ದಾಟಿದಾಗ ನಮ್ಮ ರಸ್ತೆಯಲ್ಲಿ ಎಷ್ಟು ಹೊಸ ಕಾರು ಬಂದವು ಅಂತ ನಾನು ಎಣಿಸಿದ್ದೇನೆ. (ಹೊಟ್ಟೆಕಿಚ್ಚು ಅಂದ್ಕೊಳ್ಳಿ, ಸ್ವಲ್ಪ ಇತ್ತು.)

ನಾನು ಆ ಸಲ ಬ್ಯಾಂಕಿಗೆ ಹೋಗಿ ಹನ್ನೊಂದು ಎಫ್‌ಡಿ ಮಾಡಿಸಿದೆ. ಏಪ್ರಿಲ್‌ಗೊಂದು, ಮೇಗೊಂದು, ಹೀಗೆ ಫೆಬ್ರವರಿವರೆಗೆ. ಕೌಂಟರಿನಲ್ಲಿದ್ದ ಹುಡುಗಿ "ಅಂಕಲ್, ಒಂದೇ ಮಾಡಿಸಿದ್ರೆ ಬಡ್ಡಿ ಜಾಸ್ತಿ ಬರುತ್ತೆ" ಅಂತ ನಕ್ಕಳು. ಬರುತ್ತೆ ಕಣಮ್ಮ, ಆದರೆ ನನಗೆ ಬೇಕಾಗಿರೋದು ಬಡ್ಡಿ ಅಲ್ಲ, ಸಂಬಳ. ಎಲ್ಲವೂ ಒಂದೇ ಮೊತ್ತ ಅಲ್ಲ. ಜೂನ್‌ದು ದೊಡ್ಡದು, ಕಾಲೇಜು ಫೀಸು. ಡಿಸೆಂಬರ್, ಜನವರಿಯದ್ದು ಎಲ್ಲಕ್ಕಿಂತ ದೊಡ್ಡದು, ಕೊಯ್ಲಿನ ಆಳುಗಳಿಗೆ ವಾರ ವಾರ ಕೊಡಬೇಕಲ್ವಾ. ಮಿಕ್ಕಿದ್ದರಲ್ಲಿ ಒಂದಿಷ್ಟು ಪಿಪಿಎಫ್‌ಗೆ, ಅದು ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ. ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಒಂದೇ ಸಲ ಕಟ್ಟಬಹುದು, ತಿಂಗಳು ತಿಂಗಳು ಕಟ್ಟಲೇಬೇಕು ಅಂತಿಲ್ಲ. ನಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿದೆ, 15 ವರ್ಷದ ಲಾಕ್ ಒಂದು ಬಿಟ್ಟರೆ. ನಾನು ಇದನ್ನು ಶುರು ಮಾಡಿದ್ದು ಐವತ್ತು ದಾಟಿದ ಮೇಲೆ, ಲೆಕ್ಕ ನೀವೇ ಹಾಕಿ.

ಬಳೆ ಹೋದ ವರ್ಷ ಬಿಡಿಸಿದೆ. ಅಮ್ಮ ಹಾಕಿಕೊಳ್ಳಲಿಲ್ಲ, ಮೊಮ್ಮಗಳಿಗೆ ಅಂತ ಬೀರುವಿಗೆ ಸೇರಿಸಿದರು.

ಈಗ ಆಗಸ್ಟ್. ನಿನ್ನೆ ಈ ಸಲದ ಐದನೇ ಎಫ್‌ಡಿ ಬಂತು. ಮಳೆಗೆ ಮೇಲಿನ ರೂಮಿನ ಶೀಟ್ ಸೋರುತ್ತಿದೆ, ಸ್ಕೂಟರ್ ಟೈರ್ ಸವೆದಿದೆ, ಎರಡರಲ್ಲಿ ಒಂದಕ್ಕೆ ಸಾಕಾಗುತ್ತದೆ. ಹೆಂಡತಿ ಟೈರ್ ಅಂದಳು. ಈ ಸಲ ನಾನು ವಾದ ಮಾಡಲಿಲ್ಲ, ಶೀಟಿನ ಕೆಳಗೆ ಬಕೆಟ್ ಇಟ್ಟಿದ್ದೇನೆ.