ಹಿಡಿಕೆ ಕಂಡರೆ ಕೈ ಸುಮ್ಮನಿರದು

ಮ್ಯೂಸಿಯಂನಲ್ಲಿ ಗುಂಡಿ ಕಂಡರೆ ಒತ್ತುವ, ಹಿಡಿಕೆ ಕಂಡರೆ ತಿರುಗಿಸುವ ಜನ ಇದ್ದಾರಲ್ಲ, ಅವರು ಪಕ್ಕದ ಬೋರ್ಡ್ ಓದುವುದಿಲ್ಲ. ಒತ್ತಿದ ಮೇಲೆ ಏನಾಯಿತೆಂದೂ ನೋಡುವುದಿಲ್ಲ. ಅಷ್ಟರಲ್ಲಿ ಮುಂದಿನ ಗುಂಡಿಗೆ ಕೈ ಹೋಗಿರುತ್ತದೆ. ಹಿಂದೆ ಬಂದವರ ಪಾಲಿಗೆ ಉಳಿಯುವುದು ‘ಕೆಟ್ಟಿದೆ’ ಎಂಬ ಚೀಟಿ.

ಇವರ ಮೇಲೆ ಪೂರ್ತಿ ಸಿಟ್ಟು ಬರಬೇಕಾದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಬಿಳಿಯನೊಬ್ಬನನ್ನು ಕೆಡವಿ ಮೇಲೆರಗಿದ ಮರದ ಹುಲಿ, ‘ಟಿಪ್ಪುವಿನ ಹುಲಿ’ಯ ಮುಂದೆ ನಿಲ್ಲಬೇಕು. ಒಳಗೆ ಬಿಡಲು ಟಿಕೆಟ್ ಇಲ್ಲ. ಹುಲಿಗೆ ಸದ್ದೂ ಇಲ್ಲ.

ಬಹಳ ಜನ ಅದನ್ನು ಬೊಂಬೆ ಅಂದುಕೊಂಡು ಮುಖದ ಜೊತೆ ಸೆಲ್ಫಿ ತೆಗೆದು ಹೊರಡುತ್ತಾರೆ. ಅದು ವಾದ್ಯ ಸ್ವಾಮಿ! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಿಕ್ಕಿದ್ದೂ ಸಂಗೀತ ವಾದ್ಯಗಳ ಕೋಣೆಯಲ್ಲೇ. ಹುಲಿಯ ಪಕ್ಕೆಯ ಬಾಗಿಲು ತೆಗೆದರೆ 18 ದಂತದ ಗುಂಡಿಗಳ ಪುಟ್ಟ ಪೈಪ್ ಆರ್ಗನ್. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡುತ್ತವೆ. ಒಂದು ತಿದಿಯ ಗಾಳಿ ಕೆಳಗೆ ಬಿದ್ದ ಬಿಳಿಯನ ಗಂಟಲ ಕೊಳವೆಗೆ ಹೋಗಿ ಅವನು ಗೋಳಿಡುತ್ತಾನೆ. ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ. ಬರೀ ಶೋಕಿಗಲ್ಲ, ಆ ಕೈ ಆಡಿದಂತೆ ಗೋಳಿನ ಸ್ಥಾಯಿಯೂ ಏರಿಳಿಯುತ್ತದೆ. ಹುಲಿಯ ತಲೆಯೊಳಗೆ ಬೇರೆಯದೇ ಏರ್ಪಾಡು, ಅಲ್ಲಿಂದ ಗುರ್ರೆನ್ನುವ ಎರಡು ಸ್ವರ.

ಹಾರ್ಮೋನಿಯಂ ಆದರೆ ಒಂದು ಕೈ ತಿದಿಗೆ, ಇನ್ನೊಂದು ಸ್ವರದ ಮನೆಗಳಿಗೆ. ಇಲ್ಲಿ ಒಬ್ಬ ತಿರುಗಿಸುತ್ತಿದ್ದರೆ ಇನ್ನೊಬ್ಬ ನುಡಿಸುವುದೇ ವಾಸಿ. ಯಾವ ರಾಗ ಹಿಡಿದರೂ ಬಿಳಿಯನ ಗೋಳು ಮಾತ್ರ ನಿಲ್ಲುವುದಿಲ್ಲ. ಮಾಡಿಸಿದವರಿಗೆ ಬೇಕಾಗಿದ್ದೂ ಅದೇ ಇರಬೇಕು.

1808ರಿಂದ ಇದನ್ನು ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಾಗಿದ್ದ ಈಸ್ಟ್ ಇಂಡಿಯಾ ಹೌಸಿನಲ್ಲಿಟ್ಟರು. ಇಟ್ಟಿದ್ದು ಎಲ್ಲಿ? ಗ್ರಂಥಾಲಯದಲ್ಲಿ! ಹಿಡಿಕೆ ಸಮೇತ, ಯಾರು ಬೇಕಾದರೂ ತಿರುಗಿಸುವಂತೆ. ಪಾಪ, ಓದುವವರು ಹಳೇ ಪರ್ಷಿಯನ್ ಹಸ್ತಪ್ರತಿಯ ಮೇಲೆ ಬಗ್ಗಿ ಒಂದು ಅಕ್ಷರ ಬಿಡಿಸುವಷ್ಟರಲ್ಲಿ ‘ಊ...’ ಎಂದು ಗೋಳು, ಹಿಂದೆಯೇ ‘ಗುರ್ರ್’. ತಲೆ ಎತ್ತಿ ದುರುಗುಟ್ಟಿ ನೋಡಿ ಮತ್ತೆ ಬಗ್ಗಿದರೆ, ಇನ್ನೊಬ್ಬ ತೋಳು ಮಡಿಸಿ ನಿಂತಿದ್ದಾನೆ. ಅವನ ಹಿಂದೆ ಅವನ ಮಕ್ಕಳು. ಒಂದೇ ಸುತ್ತಿಗೆ ತೃಪ್ತಿಯಾಗುವ ಮನುಷ್ಯನನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ಈ ಕಾಟದ ಬಗ್ಗೆ ಅಲ್ಲಿನ ಪತ್ರಿಕೆಯೇ ಗೊಣಗಿ ಬರೆದಿದೆ.

ತಿದಿಯೆಂದರೆ ಚರ್ಮ. ಒಣಗುತ್ತದೆ, ಮಡಿಕೆಯಲ್ಲಿ ಬಿರಿಯುತ್ತದೆ, ಸೀಳಿನಿಂದ ಗಾಳಿ ಸೋರುತ್ತದೆ. ಸದ್ದು ಕಡಿಮೆಯಾಯಿತೆಂದು ಜನ ಇನ್ನೂ ಜೋರಾಗಿ ತಿರುಗಿಸುತ್ತಾರೆ, ಸೀಳು ಇನ್ನಷ್ಟು ದೊಡ್ಡದಾಗುತ್ತದೆ. 1843ರ ಹೊತ್ತಿಗೆ ಯಂತ್ರ ಹದಗೆಟ್ಟಿತ್ತು. ಆಮೇಲೊಂದು ದಿನ ಹಿಡಿಕೆಯೇ ಮಾಯ! ಓದುಗರಲ್ಲೇ ಯಾರೋ ಕೋಟಿನೊಳಗೆ ಹಾಕಿಕೊಂಡು ಹೋಗಿರಬೇಕೆಂದು ನನ್ನ ಗುಮಾನಿ. ಸಾಕ್ಷಿಯಿಲ್ಲ, ಸಹಾನುಭೂತಿ ಇದೆ.

ಎರಡನೇ ಮಹಾಯುದ್ಧದಲ್ಲಿ ಚಾವಣಿ ಕುಸಿದು ಹುಲಿ ನೂರಾರು ಚೂರಾಯಿತು, ಜೋಡಿಸಿ ನಿಲ್ಲಿಸಿದರು. ಈಗ ಗಾಜಿನೊಳಗೆ ಭದ್ರವಾಗಿದೆ. ಅರಮನೆಯಲ್ಲಿ ಆ ಗುಂಡಿಗಳ ಮೇಲೆ ಏನು ನುಡಿಸುತ್ತಿದ್ದರೋ, ಯಾವ ಸಂಜೆಗೋ, ಯಾರಿಗಾಗಿಯೋ.

ಹುಲಿ ನುಡಿಯುವ ವಿಡಿಯೋ ಆನ್‌ಲೈನ್‌ನಲ್ಲಿದೆ, ಮನೆಯಲ್ಲೇ ಕೇಳಿಕೊಂಡು ಹೋಗಿ. ಗಾಜಿನ ಮುಂದೆ ನಿಂತು ಮೊಬೈಲನ್ನು ಫುಲ್ ವಾಲ್ಯೂಮ್‌ನಲ್ಲಿ ಇಡುವ ಮಹಾನುಭಾವರೇ, ಇಯರ್‌ಫೋನ್ ಅಂತ ಒಂದು ವಸ್ತು ಬಂದಿದೆ.