ಕೋಣೆ ಎಣಿಸಿದರೆ ಸಾಲದು, ಬಾವಿ ಅಳೆಯಿರಿ

ಹೋಮ್‌ಸ್ಟೇಗಳ ಕೋಣೆಗಳಿಗೆ ಮಿತಿ ಹಾಕಿದರೆ ಹಳ್ಳಿಯ ಪರಿಸರ ಉಳಿಯುತ್ತದೆ ಎಂದು ಲೇಖನವೊಂದು ಹೇಳುತ್ತದೆ. ಅರ್ಧ ಸರಿ. ಆದರೆ ಮಿತಿಯನ್ನು ಕಡು ಬೇಸಿಗೆಯ ನೀರು ನೋಡಿ ನಿಗದಿ ಮಾಡಬೇಕು. ಬಾವಿಯ ನೀರನ್ನು ಪಂಪ್‌ನಿಂದ ಇಳಿಸಿ, ಒಂದು ದಿನದಲ್ಲಿ ಎಷ್ಟು ಏರುತ್ತದೆ ಎಂದು ಅಳೆಯಿರಿ. 2 ಮೀಟರ್ ವ್ಯಾಸದ ಬಾವಿಯಲ್ಲಿ 1 ಮೀಟರ್ ಏರಿದರೆ ಸುಮಾರು 3,140 ಲೀಟರ್. ಅದರಲ್ಲಿ ಮನೆ, ದನ, ತೋಟದ ಪಾಲು ಕಳೆದು ಉಳಿದದ್ದನ್ನು ತಲೆಗೆ 150 ಲೀಟರಿನಂತೆ ಭಾಗಿಸಿದರೆ ಎಷ್ಟು ಅತಿಥಿಗಳೆಂಬ ಲೆಕ್ಕ ಸಿಗುತ್ತದೆ.

ಇನ್ನು ಯಾರೂ ಮಾತಾಡದ ವಿಷಯ, ಶೌಚಗುಂಡಿ. ಐದು ಜನರಿಗೆಂದು ಕಟ್ಟಿದ ಸೆಪ್ಟಿಕ್ ಟ್ಯಾಂಕಿಗೆ ವಾರಾಂತ್ಯದಲ್ಲಿ ಇಪ್ಪತ್ತು ಜನರ ನೀರು ನುಗ್ಗಿದರೆ ಕೆಸರು ತಳಕ್ಕೆ ಕೂರಲು ಸಮಯವೇ ಸಿಗುವುದಿಲ್ಲ. ಅದು ಇಂಗುಗುಂಡಿಗೆ ಹರಿದು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ, ಆಮೇಲೆ ಕೊಳಚೆ ಮೇಲುಕ್ಕಿ ಹಳ್ಳ ಸೇರುತ್ತದೆ. ಟ್ಯಾಂಕ್ ನಡುವೆ ಗೋಡೆಯಿರುವ ಎರಡು ಅಂಕಣದ್ದಿರಲಿ, ಅತಿಥಿಗಳು ತುಂಬಿದಾಗ ಬರುವ ಕನಿಷ್ಠ ಒಂದು ದಿನದ ನೀರು ಹಿಡಿಯುವಷ್ಟಿರಲಿ. ಕೆಸರು ಟ್ಯಾಂಕಿನ ಮೂರನೇ ಒಂದು ಭಾಗ ತಲುಪುವ ಮುನ್ನ ತೆಗೆಸಿ. ಅಡುಗೆಮನೆಯ ನೀರಿಗೆ ಜಿಡ್ಡು ತಡೆಯುವ ಪ್ರತ್ಯೇಕ ತೊಟ್ಟಿ ಬೇಕೇ ಬೇಕು. ಘಮಘಮ ಎನ್ನಲೆಂದು ಶೌಚಾಲಯಕ್ಕೆ ದಿನಾ ಫಿನಾಯಿಲ್, ಬ್ಲೀಚಿಂಗ್ ಪುಡಿ ಸುರಿಯುವವರಿದ್ದಾರೆ. ಕೊಳೆಸುವ ಬ್ಯಾಕ್ಟೀರಿಯಾಗಳೇ ಅದರಿಂದ ಸಾಯುತ್ತವೆ.

ಅತಿಥಿಗಳು ಓಡಾಡುವ ಕಾಲುದಾರಿಗಳ ಬಗ್ಗೆಯೂ ಒಂದು ಮಾತು: ಕೆಸರಾದ ಕಡೆ ಜನ ಬದಿಗೆ ಸರಿದು ನಡೆಯುತ್ತಾರೆ, ದಾರಿ ಅಗಲವಾಗುತ್ತಾ ಹುಲ್ಲು ಸಾಯುತ್ತದೆ. ಇಳಿಜಾರಿನಲ್ಲಿ ಓರೆಯಾಗಿ ಕಲ್ಲುಸಾಲು ಹೂತು ಮಳೆನೀರನ್ನು ಪಕ್ಕಕ್ಕೆ ತಿರುಗಿಸಿದರೆ ಸಾಕು, ಕಾಂಕ್ರೀಟ್ ಬೇಡ.