ಸ್ಪಷ್ಟನೆ: ವಾಂಡಾ ಜಾಕ್ಸನ್ ಹಾಡು ಬಿಟ್ಟಿರಲಿಲ್ಲ

"ರಾಕಬಿಲಿ ಹಾಡುಗಾರ್ತಿ ವಾಂಡಾ ಜಾಕ್ಸನ್ ಐವತ್ತರ ದಶಕದಲ್ಲಿ ನಾಲ್ಕು ವರ್ಷ ಹಾಡಿ ಮನೆ ಸೇರಿದರು. 2011ರಲ್ಲಿ ರಾಕ್ ಹಾಡುಗಾರ ಜ್ಯಾಕ್ ವೈಟ್, ವಾಂಡಾರನ್ನು ಹುಡುಕಿ ತಂದರು" ಎನ್ನುವ ಸಂದೇಶ ಓಡಾಡುತ್ತಿದೆ. ಇದು ತಪ್ಪು. (ರಾಕಬಿಲಿ ಅಂದರೆ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡು, ರಾಕ್ ಆ್ಯಂಡ್ ರೋಲ್ ಜೊತೆ ಬೆರೆತ ಸಂಗೀತ.)

ಅಮೆರಿಕದ ಒಕ್ಲಹೋಮಾದಲ್ಲಿ 1937ರಲ್ಲಿ ಹುಟ್ಟಿದ ವಾಂಡಾ ಶಾಲೆಗೆ ಹೋಗುತ್ತಿದ್ದಾಗಲೇ, 1954ರಲ್ಲಿ, ಡೆಕ್ಕಾ ರೆಕಾರ್ಡ್ ಕಂಪನಿಗೆ ಹಾಡಿದರು. ಮರುವರ್ಷ ಎಲ್ವಿಸ್ ಪ್ರೀಸ್ಲಿ ಜೊತೆ ಊರೂರು ಸುತ್ತಿದರು. ಕಂಟ್ರಿ ಹಾಡು ಬಿಟ್ಟು ರಾಕಬಿಲಿ ಎನ್ನುವ ಈ ಹೊಸ ಕುಣಿತದ ಹಾಡು ಹಿಡಿ ಎಂದು ಒತ್ತಾಯಿಸಿದ್ದೂ ಎಲ್ವಿಸ್ಸೇ. ವಾಂಡಾ, ಅಮ್ಮ ಹೊಲಿದುಕೊಟ್ಟ, ಅಂಚಿಗೆ ಜಾಲರಿ ತೂಗುವ ಉಡುಪು ತೊಟ್ಟು, ಗಿಟಾರ್ ಹಿಡಿದು, ಗಂಟಲು ಗೊರಗೊರ ಎನ್ನುವಂತೆ ಹಾಡುತ್ತಿದ್ದರು. ಆಗ ಹುಡುಗಿಯರು ಹಾಗೆ ಹಾಡುವುದೇ ಅಪರೂಪ ಅಲ್ವಾ? 1959ರಲ್ಲಿ ಜಪಾನ್‌ಗೂ ಹೋಗಿ ಬಂದರು.

ರಾಕಬಿಲಿ ಅಲೆ ಇಳಿದ ಮೇಲೆ ಅವರು ಸುಮ್ನೆ ಕೂರಲಿಲ್ಲ. 1961ರಲ್ಲಿ ತಾವೇ ಬರೆದ 'ರೈಟ್ ಆರ್ ರಾಂಗ್' ಕಂಟ್ರಿಯಲ್ಲಿ ಗೆದ್ದಿತು. ಎಪ್ಪತ್ತರ ದಶಕದಲ್ಲಿ ಚರ್ಚ್ ಹಾಡುಗಳತ್ತ ಹೊರಳಿದರು. ಎಂಬತ್ತರ ದಶಕದಲ್ಲಿ ಸ್ವೀಡನ್ನಿನ ಅಭಿಮಾನಿಗಳು ಕರೆದಾಗ ಮತ್ತೆ ಹಳೆಯ ರಾಕಬಿಲಿ ಶುರು. 1995ರಲ್ಲಿ ಹಾಡುಗಾರ್ತಿ ರೋಸಿ ಫ್ಲೋರೆಸ್ ಜೊತೆ ಅಮೆರಿಕ ಸುತ್ತಿದರು. 2009ರಲ್ಲಿ ಆ ಸಂಗೀತದ ದಿಗ್ಗಜರ ಗೌರವ ಪಟ್ಟಿಯಾದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಇದೆಲ್ಲ 2011ರಲ್ಲಿ ಜ್ಯಾಕ್ ವೈಟ್ ಅವರಿಂದ ಹಾಡಿಸಿದ ಆಲ್ಬಮ್ಮಿಗೂ ಮೊದಲೇ!

ಆ ಆಲ್ಬಮ್ ಅವರಿಗೆ ಹೊಸ ಕೇಳುಗರನ್ನು ತಂದಿದ್ದು ನಿಜ. ಆದರೆ ಐವತ್ತು ವರ್ಷದ ದುಡಿಮೆಯನ್ನು ಅಳಿಸಿ ಅವರನ್ನು 'ಸಿಕ್ಕವರು' ಅನ್ನುವುದು ನನಗೆ ತುಂಬಾ ನೋವಿನ ಮಾತು. ವೇದಿಕೆಯಿಂದ ಅವರು ನಿವೃತ್ತರಾಗಿದ್ದು 2019ರಲ್ಲಿ. ಆಮೇಲೂ, 2021ರಲ್ಲಿ, ಇನ್ನೊಂದು ಆಲ್ಬಮ್ ಬಂತು.